ಸ್ವಂತ ಊರಿನ ಪರವಾಗಿ ಒಂದು ಆಟ

2002ರ ಫೆಬ್ರುವರಿ 10, ರವಿವಾರ. ಬೆಳಗಿನ ಐದು ಗಂಟೆ ಹತ್ತು ನಿಮಿಷಕ್ಕೆ ಸಿದ್ಧಾರೂಢ ಕರಿಕಂಬಳಿ ಹೊದ್ದುಕೊಂಡು ತನ್ನೂರು ಮುಗದದ ಕೆರೆಯ ಏರಿ ಮೇಲೆ ಓಡುತ್ತಿದ್ದ. ಹಿಂದಿನ ಮಧ್ಯಾಹ್ನದಿಂದ ಒಂದು ಗುಟುಕು ನೀರು ಕುಡಿದಿರಲಿಲ್ಲ. ಲಕಮನಹಳ್ಳಿಯಲ್ಲಿ ಅಂದು ಅರವತ್ತೈದು ಕಿಲೋ ಮೀರದವರ ಕಬಡ್ಡಿ. ತೂಕ ಮೀರಿದವನಿಗೆ ಅಂಗಳದೊಳಗೆ ಪ್ರವೇಶವಿಲ್ಲ.

ವಾರವಿಡೀ ಅವನು ತಾರಿಹಾಳದ ಕಾರ್ಖಾನೆಯೊಂದರಲ್ಲಿ ಲೇತ್ ನಡೆಸುತ್ತಿದ್ದ. ಶನಿವಾರ ಸಂಜೆ ಯಾವುದಾದರೂ ಊರಿನ ಟೆಂಪೊ ಬಂದು ಗೇಟಿನ ಹೊರಗೆ ಕಾಯುತ್ತಿತ್ತು. ಹನ್ನೊಂದು ವರ್ಷ ಹೀಗೆ ಕರೆದವರ ಪರವಾಗಿ, ದುಡ್ಡಿಗೆ ಆಡಿದ. ಎದುರಾಳಿಯ ಕೈ ತನ್ನ ಕಾಲಿಗೆ ಬರುವ ಮೊದಲೇ ಅವನ ಸೊಂಟ ತಿರುಗಿರುತ್ತಿತ್ತು. 1996ರಲ್ಲಿ ಕರೆದ ತಂಡವೊಂದು ಮುಗದದ ವಿರುದ್ಧವೇ ಅವನನ್ನು ಇಳಿಸಿತು. ಮುಗದ ಸೋತಿತು. ಅಂದಿನಿಂದ ಊರ ಕಟ್ಟೆಯ ಮೇಲೆ ಅವನ ಹೆಸರು ‘ಬಾಡಿಗಿ ಪೈಲ್ವಾನ’.

ಈಗ ಬಲ ಮೊಣಕಾಲು ಊದಿಕೊಂಡಿತ್ತು. ಹೆಚ್ಚೆಂದರೆ ಇನ್ನೊಂದು ಆಟ ಎಂದಿದ್ದರು ಡಾಕ್ಟರು. ಆ ಒಂದು ಆಟ ಮುಗದದ ಪರವಾಗಿಯೇ ಆಗಬೇಕೆಂದು ಅವನು ತಿಂಗಳ ಹಿಂದೆ ಊರ ತಂಡದ ನಾಯಕ ಹೊಳೆಯಪ್ಪನ ಮನೆಗೆ ಹೋಗಿದ್ದ.

“ಏನಪಾ ಪೈಲ್ವಾನ, ಬಾಡಿಗಿ ಎಷ್ಟ ನಿಂದು?” ಎಂದ ಹೊಳೆಯಪ್ಪ.

“ಬೈಯೋದಿದ್ರ ಬೈದು ಮುಗಸ. ಆದ್ರ ಆಡಸ.”

“ಮಾರಿ ನೋಡಿದ್ರ ಎಪ್ಪತ್ತ ಕಿಲೋ ಇದ್ದಾಂಗ ಅದೀ. ತೂಕಕ್ಕ ಬಂದ್ರ ಆಡು, ಹೋಗ.”

ಎಪ್ಪತ್ತೇ ಇತ್ತು. ಅಂದಿನಿಂದ ಹೆಂಡತಿ ಜಯಾ ಅವನ ತಾಟಿಗೆ ಒಂದೇ ರೊಟ್ಟಿ, ಬೇಯಿಸಿದ ಮೆಂತ್ಯೆಸೊಪ್ಪು ಹಾಕತೊಡಗಿದಳು. ಅವನು ದಿನವೂ ಕಾರ್ಖಾನೆಯ ಕಾಟಾದ ಮೇಲೆ ನಿಂತು ತೂಕ ನೋಡಿಕೊಳ್ಳುತ್ತಿದ್ದ. ಶನಿವಾರ ಮುಳ್ಳು ಅರವತ್ತೈದಕ್ಕೆ ಬಂತು. ಆದರೆ ಅದು ಕಬ್ಬಿಣ ತೂಗುವ ಕಾಟಾ; ಅರ್ಧ ಕಿಲೋಗಿಂತ ಸಣ್ಣ ಗೆರೆ ಅದರಲ್ಲಿ ಇರಲಿಲ್ಲ.

ಲಕಮನಹಳ್ಳಿಯಲ್ಲಿ ಗುಜರಿ ವ್ಯಾಪಾರಿ ಖಾದರಬಾಷಾ ತನ್ನ ಹೊಸ ಎಲೆಕ್ಟ್ರಾನಿಕ್ ಕಾಟಾ ತಂದಿಟ್ಟಿದ್ದ. ಸಿದ್ಧಾರೂಢ ಚಡ್ಡಿಯೊಂದರಲ್ಲೇ ಹತ್ತಿ ನಿಂತ. ನೂರು ಗ್ರಾಂ ಹೆಚ್ಚಿತ್ತು. ಪಂಚರು ಅರ್ಧ ತಾಸು ಕೊಟ್ಟರು. ಅವನು ಮೈದಾನ ಸುತ್ತಿದ, ಉಗುಳಲು ನೋಡಿದ. ಬಾಯಲ್ಲಿ ಉಗುಳೂ ಇರಲಿಲ್ಲ, ಮೈಯಲ್ಲಿ ಬೆವರೂ ಉಳಿದಿರಲಿಲ್ಲ.

ಆಗ ಅವನ ಕೈ ಸೊಂಟದ ಬೆಳ್ಳಿ ಉಡದಾರಕ್ಕೆ ಹೋಯಿತು. ಮದುವೆಯಲ್ಲಿ ಮಾವ ಹಾಕಿದ್ದು, ಹದಿನೈದು ತೊಲೆ, ಅಂದರೆ ನೂರೈವತ್ತು ಗ್ರಾಂ.

ಹೊಳೆಯಪ್ಪ ಧಾವಿಸಿ ಬಂದು ಕೈ ಹಿಡಿದ. “ಲೇ, ಹುಚ್ಚಗಿಚ್ಚ ಹಿಡದೈತೇನ? ಉಡದಾರ ತಗಿಯೂದು ಹೆಣದ ಮೈಮ್ಯಾಲಿಂದು! ಆಟ ಹಾಳಾಗಿ ಹೋಗ್ಲಿ, ಬಿಡ.”

ಆರು ವರ್ಷದಲ್ಲಿ ಊರಿನವನೊಬ್ಬ ಅವನಿಗಾಗಿ ಹೆದರಿದ್ದು ಇದೇ ಮೊದಲು. ಆದರೂ ಸಿದ್ಧಾರೂಢ ಕೈ ತೆಗೆಯಲಿಲ್ಲ. ಆಟ ನೋಡಲು ಬಂದು ಹಗ್ಗದಾಚೆ ನಿಂತಿದ್ದ ಜಯಾಳ ಕಡೆ ನೋಡಿದ. ಅವಳು ಹಗ್ಗ ದಾಟಿ ಬಂದಳು.

“ಬರೇ ಸೊಂಟ ಇರಬಾರದಲ್ರಿ, ಅಷ್ಟ ಹೌದಿಲ್ಲೊ?” ಎಂದು ತನ್ನ ಕೊರಳ ತಾಯತದ ಕರಿದಾರ ಬಿಚ್ಚಿ, ತಾಯತ ತೆಗೆದಿಟ್ಟುಕೊಂಡು, ದಾರವನ್ನು ಗಂಡನ ಸೊಂಟಕ್ಕೆ ಬಿಗಿದಳು. “ಈಗ ತಗೀರಿ ಬೆಳ್ಳೀದು. ನಮ್ಮಪ್ಪಗ ನಾ ಹೇಳ್ತೇನಿ.”

ಅಂದು ಮುಗದ ಮೊದಲ ಪಂದ್ಯ ಗೆದ್ದು, ಎರಡನೆಯದರಲ್ಲಿ ಸೋತಿತು. ಸಿದ್ಧಾರೂಢನ ಮೊಣಕಾಲೂ ಅಲ್ಲಿಗೇ ಮುಗಿಯಿತು. ಈಗ ಅವನು ಊರ ಶಾಲೆಯ ಹುಡುಗಿಯರಿಗೆ ಕಬಡ್ಡಿ ಕಲಿಸುತ್ತಾನೆ. ಆದರೆ ಕಟ್ಟೆಯ ಮೇಲೆ ಅವನ ಮಾತು ಬಂದಾಗ ಯಾರೂ ಸೋಲಿನ ಸುದ್ದಿ ತೆಗೆಯುವುದಿಲ್ಲ. ಅವನು ಎರಡನೇ ಸಲ ಕಾಟಾ ಹತ್ತಿದ್ದನ್ನೇ ಹೇಳುತ್ತಾರೆ. ಅಂದು ಖಾದರಬಾಷಾ ಕಾಟಾದ ಅಂಕಿ ಕಾಣುವಂತೆ ಬಿಸಿಲಿಗೆ ಕೈ ಅಡ್ಡ ಹಿಡಿದು, “ನೀನ ಓದಪಾ, ಎಲ್ಲಾರಿಗೂ ಕೇಳಾಂಗ ಓದ,” ಎಂದ. ಸಿದ್ಧಾರೂಢ ಬಗ್ಗಿ ನೋಡಿ, ಒಣಗಿದ ಗಂಟಲಿನಿಂದಲೇ ಕೂಗಿದ:

“ಅರವತ್ನಾಕ ಕಿಲೋ, ಒಂಬೈನೂರಾ ಐವತ್ತ ಗ್ರಾಂ!”