ನೀರು ಎದ್ದು ಬರಲ್ಲ ಅಂದಿದ್ದೆ

ರೇಷ್ಮೆ ಸಾಕುವವರಿಗೆ ರಜೆ ಅನ್ನುವುದು ಹುಳು ಕೊಟ್ಟಾಗ ಮಾತ್ರ. ಹುಳು ಮನೆಯಲ್ಲಿರುವಷ್ಟು ದಿನ ಮನೆ ಬಿಟ್ಟು ಅಲ್ಲಾಡುವ ಹಾಗಿಲ್ಲ. ಗೂಡು ಬಿಡಿಸಿ ಶಿಡ್ಲಘಟ್ಟದ ಮಾರುಕಟ್ಟೆಗೆ ಹಾಕಿ, ಹುಳುಮನೆ ತೊಳೆದು, ಬ್ಲೀಚಿಂಗ್ ಪುಡಿ ಹೊಡೆದು ಬಾಗಿಲು ಮುಚ್ಚಿದ ಮೇಲೆ ಮುಂದಿನ ಮರಿ ಬರುವ ತನಕ ಸಿಗುವ ಬಿಡುವೇ ಬಿಡುವು. ಮದುವೆ, ತಿಥಿ, ಆಸ್ಪತ್ರೆ, ಗಂಡ ಹೆಂಡಿರ ಜಗಳ ಎಲ್ಲವನ್ನೂ ನಾವು ಆ ಬಿಡುವಿಗೇ ಎತ್ತಿಟ್ಟುಕೊಳ್ಳುತ್ತೇವೆ. ಹೋದ ಚಳಿಗಾಲದಲ್ಲಿ ಅಂಥದೊಂದು ಬಿಡುವಿನಲ್ಲಿ ನಾನು, ನನ್ನ ಗಂಡ, ಒಂಬತ್ತು ವರ್ಷದ ಮಗಳು ಮೂವರೂ ಕರಾವಳಿಗೆ ಹೊರಟೆವು. ನದಿ ಸಮುದ್ರ ಸೇರುವ ಕಡೆ, ನೀರಿನ ದಡದಲ್ಲಿ ಟೆಂಟ್ ಹಾಕಿಕೊಂಡು ಇರಲಿಕ್ಕೆ. ಜಂಗಮಕೋಟೆ ಕಡೆಯ ಒಕ್ಕಲು ಮನೆಯವರು ದುಡ್ಡು ಕೊಟ್ಟು ಟೆಂಟಿನಲ್ಲಿ ಮಲಗಲು ಹೋಗುತ್ತಾರೆ ಅಂದರೆ ಊರಿನವರು ನಗದೆ ಬಿಡುತ್ತಾರೆಯೇ? ನಕ್ಕರು. ನಗಲಿ ಬಿಡಿ. ನಮಗೆ ಅದು ನಗುವ ವಿಷಯವಾಗಿರಲಿಲ್ಲ.

ಮಗಳು ಕೃಷಿ ಹೊಂಡಕ್ಕೆ ಬಿದ್ದಿದ್ದಳು. ಹಿಪ್ಪುನೇರಳೆ ತೋಟದ ಮೂಲೆಯಲ್ಲಿ ನಮ್ಮದೇ ಹೊಂಡ, ನೀರು ಇಂಗದಿರಲಿ ಅಂತ ಒಳಗೆಲ್ಲ ಕಪ್ಪು ಪ್ಲಾಸ್ಟಿಕ್ ಹಾಸಿದ್ದು. ಬೇಲಿಯ ತಂತಿ ಸಡಿಲವಾಗಿದ್ದ ಕಡೆ ನುಸುಳಿ, ಕೈ ತೊಳೆಯಲು ಬಗ್ಗಿದ್ದಾಳೆ. ಆ ಪ್ಲಾಸ್ಟಿಕ್ಕಿನ ಮೇಲೆ ಕಾಲು ಜಾರಿದರೆ ದೊಡ್ಡವರಿಗೂ ಹಿಡಿಯಲು ಏನೂ ಸಿಗದು, ಹತ್ತಿದಷ್ಟೂ ಜಾರುತ್ತದೆ. ನನ್ನ ಗಂಡ ಹಿಂದೆಮುಂದೆ ನೋಡದೆ ಹಾರಿದರು. ಅವರಿಗೂ ಮೇಲೆ ಬರಲಾಗಲಿಲ್ಲ. ಪಕ್ಕದ ತೋಟದಿಂದ ಓಡಿ ಬಂದ ಮೈದುನ ಪೈಪು ಎಸೆದು ಇಬ್ಬರನ್ನೂ ಎಳೆದುಕೊಂಡ. ನಾನು ದಡದಲ್ಲಿ ನಿಂತು ಬಾಯಿ ಬಡಿದುಕೊಳ್ಳುತ್ತಿದ್ದೆ, ಅಷ್ಟೇ.

ಮೈಗೆ ಏನೂ ಆಗಿರಲಿಲ್ಲ. ಆದರೆ ಅಂದಿನಿಂದ ಅವಳು ಮನೆಯಲ್ಲಿ ಮುಚ್ಚಳ ಹುಡುಕತೊಡಗಿದಳು. ಬಿಂದಿಗೆ, ಕೊಡ, ಬಕೆಟ್ಟು, ಬಚ್ಚಲ ಹಂಡೆ, ನೀರು ಎಲ್ಲಿದ್ದರೂ ಅದರ ಮೇಲೆ ಏನಾದರೂ ಮುಚ್ಚಬೇಕು. ಮುಚ್ಚಳ ಸಿಗದಿದ್ದರೆ ಊಟದ ತಟ್ಟೆ, ಮೊರ, ಅವಳ ಶಾಲೆಯ ಪುಸ್ತಕ. ಸ್ನಾನ ಅಂದರೆ ಒದ್ದೆ ಬಟ್ಟೆಯಲ್ಲಿ ಒರೆಸಿಕೊಳ್ಳುವುದು. ಮಳೆ ಬಂದರೆ ಶಾಲೆಗೆ ಹೋಗಳು. ಬಂದ ನೆಂಟರೆಲ್ಲ ಅವಳ ಗಲ್ಲ ಹಿಡಿದು, "ಏನೂ ಆಗಲ್ಲ ಕಣಮ್ಮ, ಏನೂ ಆಗಲ್ಲ" ಅನ್ನುವರು. ನಾನೂ ಅದನ್ನೇ ಹಾಡುತ್ತಿದ್ದೆ. ಅವಳು ತಲೆ ಆಡಿಸಿ, ಎದ್ದು ಹೋಗಿ, ಇನ್ನೊಂದು ಕೊಡ ಮುಚ್ಚಿ ಬರುವಳು. ಹುಡುಗಿ ನನ್ನ ಕಣ್ಣೆದುರೇ ಸೊರಗುತ್ತಿದ್ದಳು.

ಚಿಕ್ಕಬಳ್ಳಾಪುರದಲ್ಲಿ ಒಬ್ಬ ಡಾಕ್ಟರಮ್ಮನಿಗೆ ತೋರಿಸಿದೆವು. ಆಕೆ ಮಾತ್ರೆ ಬರೆಯಲಿಲ್ಲ. "ಬಲವಂತ ಮಾಡಬೇಡಿ. ಎಲ್ಲಾದರೂ ನೀರಿರೋ ಜಾಗಕ್ಕೆ ಹೋಗಿ ಸುಮ್ಮನೆ ಇದ್ದು ಬನ್ನಿ. ದೂರದಿಂದ ನೋಡಲಿ. ಮನಸ್ಸಾದರೆ ಹತ್ತಿರ ಹೋಗಲಿ, ಬೇಡ ಅನಿಸಿದರೆ ಹಿಂದೆ ಬರಲಿ. ಅವಳೇ ನೀರಿನ ಹತ್ರ ಹೋಗಬೇಕು, ನೀರು ಅವಳ ಹತ್ರ ಬರಬಾರದು" ಅಂದರು. ಈ ಮಾತನ್ನು ನಾನು ಮಂತ್ರದ ಹಾಗೆ ಹಿಡಿದುಕೊಂಡೆ.

ನಮ್ಮತ್ತೆ ಚಿಂತಾಮಣಿ ಕಡೆಯವರು, ಸಿಟ್ಟು ಬಂದರೆ ತೆಲುಗೇ. "ನೀಳ್ಳಲ್ಲೋ ಪಡ್ಡ ಪಿಲ್ಲನಿ ಮಳ್ಳೀ ನೀಳ್ಳ ದಗ್ಗರಕೇ ತೀಸ್ಕಪೋತಾರಾ?" ಅಂತ ಅಂಗಳದಲ್ಲೇ ಶುರು ಮಾಡಿದರು. ನೀರಿಗೆ ಬಿದ್ದ ಮಗುವನ್ನು ಮತ್ತೆ ನೀರಿನ ಹತ್ತಿರಕ್ಕೇ ಕರೆದೊಯ್ಯುತ್ತೀರಾ ಅಂತ. "ಊರಲ್ಲಿ ಕೆರೆ ಐತಲ್ಲ, ಅದನ್ನ ತೋರ್ಸು" ಅಂತಲೂ ಸೇರಿಸಿದರು. ಕೆರೆಯ ಏರಿ ಕಡಿದಾದ ಇಳಿಜಾರು, ಅದನ್ನು ನೋಡಿದರೇ ಅವಳಿಗೆ ಹೊಂಡ ನೆನಪಾಗುತ್ತದೆ. ಇನ್ನು ನದಿ? ನಮ್ಮ ಬೆಟ್ಟಗಳಲ್ಲಿ ನದಿಗಳು ಹುಟ್ಟುತ್ತವಂತೆ, ಹರಿಯುವುದನ್ನು ಕಂಡವರು ಕಡಿಮೆ. ನನ್ನ ತವರು ಗೌರಿಬಿದನೂರು ಕಡೆ. ನಾನು ಚಿಕ್ಕವಳಿದ್ದಾಗ ನದಿ ದಾಟಿ ಶಾಲೆಗೆ ಹೋಗುತ್ತಿದ್ದೆ ಅಂದರೆ, ಚಪ್ಪಲಿಗೆ ಮರಳು ಸೇರದಂತೆ ನಡೆದು ಹೋಗುತ್ತಿದ್ದೆ ಅಂತ ಅರ್ಥ.

ಹಾಗಾಗಿ ಕರಾವಳಿ. ಹಿಂದಿನ ಸಂಜೆಯೇ ಹೋಗಿ ಲಾಡ್ಜಿನಲ್ಲಿ ಉಳಿದು, ಬೆಳಿಗ್ಗೆ ಕಾರಿನಲ್ಲಿ ಜಾಗ ನೋಡಲು ಹೊರಟೆವು. ನನ್ನ ಗಂಡ ಫೋನಿನಲ್ಲಿ ಚೆಂದದ ಚಿತ್ರಗಳನ್ನು ನೋಡಿಟ್ಟುಕೊಂಡಿದ್ದರು. ಎಲ್ಲದರಲ್ಲೂ ಬೆಂಕಿ ಹಾಕಿಕೊಂಡು ಗಿಟಾರು ಬಾರಿಸುವ ಹುಡುಗರು. "ಇವರನ್ನ ನೋಡೋಕೆ ಬಂದಿದೀವಾ? ದಡ ಹೆಂಗೈತೆ ಅಂತ ಒಂದು ಫೋಟೋ ಇಲ್ವಲ್ರೀ" ಅಂದೆ. "ಹೋಗಿ ನೋಡಣ ಇರು ಮಾರಾಯ್ತಿ" ಅಂದರು.

ಮೊದಲನೆಯ ಜಾಗ ನದಿಯ ಪಕ್ಕ. ತೆಂಗಿನ ತೋಟ, ಉಯ್ಯಾಲೆ, ಎಲ್ಲ ಚೆಂದ. ಆದರೆ ದಡಕ್ಕೆ ಕಲ್ಲಿನ ಗೋಡೆ, ಗೋಡೆಯ ಕೆಳಗೆ ಹಸಿರು ಬಣ್ಣದ ಆಳ ನೀರು. ಇಣುಕಿ ನೋಡಿದ ನನಗೇ ತಲೆ ತಿರುಗಿತು. ಎರಡನೆಯದು ಕೊಲ್ಲಿಯ ಕಡೆ, ಸಮುದ್ರಕ್ಕೆ ಮುಖ ಮಾಡಿದ್ದು. ಅಲೆಯ ಸದ್ದಿಗೆ ಮಗಳು ಕಾರಿನಲ್ಲೇ ಕಿವಿ ಮುಚ್ಚಿಕೊಂಡಳು. ಅಲ್ಲಿನ ಹುಡುಗ "ವ್ಯೂ ಸೂಪರ್ ಮೇಡಂ" ಅಂದ. ನಿನ್ನ ವ್ಯೂಗೆ ಇಷ್ಟು ಬೆಂಕಿ ಹಾಕ ಅಂತ ಮನಸ್ಸಿನಲ್ಲೇ ಅಂದುಕೊಂಡು ಕಾರು ತಿರುಗಿಸಿದೆವು.

ಮೂರನೆಯದನ್ನು ನೋಡಿದ ಕೂಡಲೇ ನನಗೆ ಜೀವ ಬಂದ ಹಾಗಾಯಿತು. ನದಿ ಕೊಲ್ಲಿಗೆ ಸೇರುವ ಮೊದಲು ಅಗಲವಾಗಿ ಹರಡಿಕೊಂಡಿತ್ತು. ಅಲೆ ಇಲ್ಲ, ಸದ್ದಿಲ್ಲ. ನೀರು ಎಲ್ಲೋ ದೂರದಲ್ಲಿ ನಮ್ಮೂರ ಕೆರೆಯ ಹಾಗೆ ಸುಮ್ಮನೆ ನಿಂತಿತ್ತು. ನಡುವೆ ಹೊಲದಷ್ಟು ಅಗಲಕ್ಕೆ ಚಪ್ಪಟೆ ಮರಳು. ಡಾಕ್ಟರಮ್ಮ ಹೇಳಿದ್ದು ಇದನ್ನೇ ಅನ್ನಿಸಿತು. ಮಗು ಎಷ್ಟು ಬೇಕೋ ಅಷ್ಟು ಮುಂದೆ ಹೋಗಬಹುದು, ಸಾಕಾದರೆ ಹಿಂದೆ ಬರಬಹುದು. ನಾನು ಒಕ್ಕಲುತನದವಳು, ಬೆರಳಿನಿಂದ ಮರಳು ಕೆದಕಿ ನೋಡಿದೆ. ಮೇಲೆ ಒಣಗಿದ್ದರೂ ಒಳಗೆ ಹಸಿ. ನಮ್ಮ ಕಡೆ ಅಷ್ಟು ಮೇಲೆ ಹಸಿ ಸಿಕ್ಕರೆ ಪುಣ್ಯದ ಭೂಮಿ ಅನ್ನುತ್ತೇವೆ. ಗಂಡನನ್ನು ಕರೆದು ತೋರಿಸಿದೆ. ಅವರೂ "ಭಲೇ" ಅಂದರು.

ಜಾಗದ ಯಜಮಾನ ಅಲ್ಲಿನವರೇ, ಐವತ್ತು ದಾಟಿದ ಮನುಷ್ಯ. "ಟೆಂಟ್ ಅಲ್ಲಿ ಮೇಲೆ, ಗಾಳಿಮರದ ಬುಡದಲ್ಲಿ ಹಾಕುವ. ಕೆಳಗೆ ಬೇಡ" ಅಂದರು. ಮೇಲೆ ಅವರ ಅಡುಗೆಮನೆ ಇತ್ತು, ಓಡಾಟ ತಪ್ಪಲಿ ಅಂತ ಹೇಳುತ್ತಿದ್ದಾರೆ ಅಂದುಕೊಂಡೆ. "ಮಗು ನೀರು ನೋಡ್ಬೇಕು. ಮರದ ಸಂದಿಯಿಂದ ಏನು ಕಾಣ್ತೈತೆ? ಇಲ್ಲೇ ಹಾಕ್ಸಿ" ಅಂತ ಹಟ ಹಿಡಿದೆ. "ಸರಿ, ಮಧ್ಯಾಹ್ನದವರೆಗೆ ಇರಿ, ಆಮೇಲೆ ಎತ್ತಿ ಮೇಲೆ ಇಡುವ" ಅಂತ ಹೇಳಿ ಅವರು ಮೀನು ತರಲು ಪೇಟೆಗೆ ಹೋದರು. ಮಧ್ಯಾಹ್ನ ಯಾಕೆ ಎತ್ತಬೇಕು ಅಂತ ನಾನು ಕೇಳಲಿಲ್ಲ. ಬಿಸಿಲಿಗಿರಬೇಕು ಅಂದುಕೊಂಡೆ.

ಟೆಂಟಿನ ಹಿಂದೆ, ಮರಗಳ ಕಡೆಗೆ, ಒಣಗಿದ ಕಡ್ಡಿ, ಪಾಚಿ, ಚಿಪ್ಪು, ಹಳೆಯ ಚಪ್ಪಲಿ ಎಲ್ಲ ಸೇರಿ ಉದ್ದಕ್ಕೂ ಒಂದು ಸಾಲು ಬಿದ್ದಿತ್ತು. ಥೂ, ದುಡ್ಡು ತಗೊಂಡು ಕಸ ಗುಡಿಸಲ್ಲವಲ್ಲ ಅಂತ ಬೈದುಕೊಂಡು, ಅಡುಗೆಮನೆಯಿಂದ ಪೊರಕೆ ತಂದು ನಾನೇ ಗುಡಿಸಿ ಹಾಕಿದೆ. ನೀರು ತಾನು ಎಲ್ಲಿಯವರೆಗೆ ಬರುತ್ತೇನೆಂದು ಬರೆದಿಟ್ಟು ಹೋಗಿದ್ದ ಗುರುತು ಅದು. ಗುಡಿಸಿ, ಸೊಂಟ ನೇರ ಮಾಡಿಕೊಂಡು, ಈಗ ಚೆನ್ನಾಗಿದೆ ಅಂದುಕೊಂಡೆ.

ಮೇಲೆ ಮರಗಳ ಪಕ್ಕ ನಿಲ್ಲಿಸಿದ್ದ ಕಾರಿನಿಂದ ಮಗಳು ಬಹಳ ಹೊತ್ತು ಇಳಿಯಲಿಲ್ಲ. ಆಮೇಲೆ ಇಳಿದಳು. ಟೆಂಟಿನ ತನಕ ಬಂದಳು. ಅಲ್ಲಿಂದ ಇನ್ನೂ ಸ್ವಲ್ಪ ಮುಂದೆ ಹೋಗಿ, ಕಡ್ಡಿಯಿಂದ ಮರಳಿನ ಮೇಲೆ ಗೆರೆ ಎಳೆದಳು.

"ನಾನು ಇಲ್ಲೀವರೆಗೂ ಬರ್ತೀನಿ. ನೀರು ಇದನ್ನ ದಾಟಲ್ಲ ತಾನೆ?"

"ನೀರು ಎದ್ದು ಬರಲ್ಲ ಕಣಮ್ಮ. ಅದು ಇರೋ ಕಡೆ ಇರ್ತೈತೆ. ನಾವೇ ಅದರ ಹತ್ರ ಹೋಗ್ಬೇಕು. ನಮ್ಮ ಕೆರೆ ಯಾವತ್ತಾದ್ರೂ ಮಳೆ ಇಲ್ದೆ ಮೇಲೆ ಬಂದೈತಾ?"

"ಆಣೆ?"

"ನಿನ್ನಾಣೆ" ಅಂದೆ. ತಲೆ ಮುಟ್ಟಿ ಅಂದೆ.

ಅವಳು ಕೂತಳು. ಗೆರೆಯ ಈಚೆ ಮರಳಿನಲ್ಲಿ ಮನೆ ಕಟ್ಟಿದಳು. ಎಷ್ಟೋ ತಿಂಗಳ ಮೇಲೆ ಅವಳು ತನ್ನಷ್ಟಕ್ಕೆ ತಾನು ಗುನುಗುವುದನ್ನು ಕೇಳಿದೆ. ಗಂಡ ನನ್ನ ಕಡೆ ನೋಡಿದರು, ಇಬ್ಬರಿಗೂ ಕಣ್ಣು ತುಂಬಿತು. ಊಟ ಮಾಡಿ ಅವರು ಟೆಂಟಿನಲ್ಲಿ ಅಡ್ಡಾದರು. ನನಗೂ ಜೋಂಪು ಹತ್ತಿತ್ತು.

"ಅಮ್ಮ, ಹಕ್ಕಿ ಕೂತಿದ್ದ ದಿಬ್ಬ ಎಲ್ಲಿ?"

ನೀರಿನ ನಡುವೆ ಬೆಳಿಗ್ಗೆ ಒಂದು ಮರಳ ದಿಬ್ಬ ಇತ್ತು. "ಅಲ್ಲೇ ಇರ್ತೈತೆ ಬಿಡಮ್ಮ" ಅಂದೆ, ಕಣ್ಣು ಬಿಡದೆ. ಸ್ವಲ್ಪ ಹೊತ್ತಿನ ಮೇಲೆ ಎದ್ದು ನೋಡಿದರೆ ದಿಬ್ಬ ಇಲ್ಲ. ತೆಂಗಿನ ಸಿಪ್ಪೆಯೊಂದು ಸಮುದ್ರದ ಕಡೆಯಿಂದ ಊರಿನ ಕಡೆಗೆ ತೇಲಿ ಹೋಗುತ್ತಿತ್ತು. ನದಿ ಹಿಂದಕ್ಕೆ ಹರಿಯುತ್ತಿತ್ತು! ನಾನು ಕಣ್ಣುಜ್ಜಿಕೊಂಡೆ. ಅಷ್ಟರಲ್ಲಿ ಸದ್ದೇ ಇಲ್ಲದೆ, ತೆಳ್ಳಗೆ, ನೀರು ಮರಳಿನ ಮೇಲೆ ಜಾರಿಕೊಂಡು ಬಂದು ಗೆರೆ ಮುಟ್ಟಿತು, ದಾಟಿತು, ಅವಳು ಕಟ್ಟಿದ ಮನೆಯನ್ನು ಕರಗಿಸಿತು.

ಅವಳು ಕಿರುಚಲಿಲ್ಲ. ಕಿರುಚಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಎದ್ದು ನಿಂತು ನನ್ನ ಮುಖ ನೋಡಿದಳು. ನೀರನ್ನಲ್ಲ, ನನ್ನನ್ನು. ಆಮೇಲೆ ಓಡಿ ಹೋಗಿ ಕಾರು ಹತ್ತಿ, ಬಾಗಿಲು ಹಾಕಿ ಒಳಗಿನಿಂದ ಲಾಕ್ ಮಾಡಿಕೊಂಡಳು.

ನಾವಿಬ್ಬರೂ ಒದ್ದೆ ಟೆಂಟನ್ನು ಎಳೆದಾಡುತ್ತಿದ್ದಾಗ ಯಜಮಾನರು ಪೇಟೆಯಿಂದ ಬಂದರು. ಮೊದಲು ನಕ್ಕರು. "ಉಬ್ಬರ ಅಲ್ವಾ ಮೇಡಂ, ದಿನಾ ಬರ್ತದೆ, ಹೋಗ್ತದೆ. ನಿಮಗೆ ಗೊತ್ತಿರಲಿಲ್ವಾ?"

"ಏನು ಗೊತ್ತು? ನಮ್ಮೂರಲ್ಲಿ ನೀರು ಬಿಟ್ಟ ಕಡೆ ಇರ್ತೈತೆ ಕಣ್ರೀ!" ಅಂತ ಕೂಗಾಡಿದೆ. ಪಾಪ, ಅವರ ತಪ್ಪೇನು? ಉಬ್ಬರವಿಳಿತಕ್ಕೆ ಚಂದ್ರ ಕಾರಣ ಅಂತ ಬರೆದು ಶಾಲೆಯಲ್ಲಿ ಅಂಕ ತೆಗೆದುಕೊಂಡವಳು ನಾನು. ಆದರೆ ಪುಸ್ತಕದಲ್ಲಿದ್ದ ಚಂದ್ರ ಬೇರೆ, ನನ್ನ ಮಗಳ ಮನೆ ಕರಗಿಸಿದ ನೀರು ಬೇರೆ. ಅವೆರಡೂ ಒಂದೇ ಅಂತ ನನಗೆ ಹೊಳೆದೇ ಇರಲಿಲ್ಲ.

ಗಂಡ ಕಾರಿನ ಗಾಜು ತಟ್ಟಿ, "ಏನೂ ಆಗಲ್ಲ, ಬಾರಮ್ಮ" ಅಂದರು. ಅವಳು ಎರಡೂ ಕಿವಿ ಮುಚ್ಚಿಕೊಂಡಳು. ನಾನು ಅವರನ್ನು ಆಚೆ ಕಳಿಸಿ, ಬಾಗಿಲ ಪಕ್ಕ ನೆಲದ ಮೇಲೆ ಕೂತೆ. ಏನು ಹೇಳಲಿ? ತಲೆ ಮುಟ್ಟಿ ಇಟ್ಟ ಆಣೆ ನೀರಿಗೆ ಹೋಗಿತ್ತು. ಇನ್ನು ಈ ಜನ್ಮದಲ್ಲಿ ಇವಳು ನನ್ನ ಮಾತು ನಂಬುತ್ತಾಳೆಯೇ ಅನ್ನುವುದೇ ನನ್ನ ಚಿಂತೆ. ಬಹಳ ಹೊತ್ತಾದ ಮೇಲೆ ಗಾಜು ಒಂದು ಬೆರಳಷ್ಟು ಇಳಿಯಿತು.

"ವಾಪಸ್ ಹೋಗ್ತೈತಾ?"

ಹೋಗೇ ಹೋಗುತ್ತೆ ಅನ್ನುವ ಮಾತು ತುದಿನಾಲಿಗೆಗೆ ಬಂದಿತ್ತು. ನುಂಗಿಕೊಂಡೆ.

"ಹೋಗ್ತೈತೆ ಅಂತ ಆ ಅಂಕಲ್ ಹೇಳ್ತಾರೆ. ನಂಗೆ ಗೊತ್ತಿಲ್ಲ ಕಣಮ್ಮ. ನಾನು ಯಾವತ್ತೂ ನೋಡಿಲ್ಲ. ನಂಗೂ ಭಯ ಆಯ್ತು."

"ನಿಂಗೂನಾ?"

"ಹೂಂ. ಹೊಂಡದ ದಿನದಿಂದ್ಲೂ ಭಯಾನೇ. ನೀನು ಬಚ್ಚಲಿಗೆ ಹೋದ್ರೂ ನಂಗೆ ಭಯ."

"ಮತ್ತೆ ಯಾವಾಗ್ಲೂ ಏನೂ ಆಗಲ್ಲ, ಏನೂ ಆಗಲ್ಲ ಅಂತೀಯಲ್ಲ?"

ಸೆರಗಿನಿಂದ ಮುಖ ಒರೆಸಿಕೊಂಡೆ. ಅವಳು ಗಾಜಿನ ಸಂದಿಯಿಂದ ನನ್ನನ್ನೇ ನೋಡುತ್ತಿದ್ದಳು. ಇಬ್ಬರೂ ನೀರಿನ ಕಡೆ ತಿರುಗಿದೆವು. ಬಿಸಿಲು ಇಳಿಯುತ್ತಾ ಬಂತು. ನೀರು ಮರಗಳ ಹತ್ತಿರ ಬಂದು ನಿಂತಿತ್ತು, ಎಷ್ಟೋ ಹೊತ್ತು ಹಾಗೇ ನಿಂತಿತ್ತು. ಆಮೇಲೆ ಅಂಚಿನಲ್ಲಿ ಒಂದಿಷ್ಟು ಒದ್ದೆ ಮರಳು ಕಂಡಿತು. ಇನ್ನೊಂದಿಷ್ಟು ಕಂಡಿತು.

ಆಚೆ ಕಡೆಯ ಬಾಗಿಲು ತೆಗೆದ ಸದ್ದಾಯಿತು. ಅವಳು ಇಳಿದು ಕಾರು ಸುತ್ತಿ ಬಂದಳು. ನಾನು ಗಡಿಬಿಡಿಯಲ್ಲಿ ಎದ್ದು ಅವಳ ಕೈ ಹಿಡಿಯಲು ಹೋದೆ.

"ನೀನು ಇಲ್ಲೇ ಇರಮ್ಮ" ಅಂದಳು. "ನಿಂಗೆ ಭಯ ಅಲ್ವಾ. ನಾನು ನೋಡ್ಕೊಂಡು ಬಂದು ಹೇಳ್ತೀನಿ."

ಹೋದಳು. ನಡೆದಳು, ನಿಂತಳು, ಮತ್ತೆ ನಡೆದಳು. ಗಂಡ ಅವಳಿಗೆ ಗೊತ್ತಾಗದಂತೆ ಸ್ವಲ್ಪ ಹಿಂದೆ ಹೋದರು. ಇದಕ್ಕೇ ತಾನೆ ಅವಳನ್ನು ಇಷ್ಟು ದೂರ ಕರೆತಂದದ್ದು, ಅತ್ತೆಯ ಹತ್ತಿರ ಜಗಳ ಆಡಿದ್ದು? ನನಗೆ ಸಂತೋಷ ಆಗಬೇಕಿತ್ತು. ಆಗಲಿಲ್ಲ. ಸಾಕು ಬಾ, ಹಿಂದೆ ಬಾ ಅಂತ ಕೂಗಬೇಕು ಅನ್ನಿಸಿತು, ಸೆರಗನ್ನು ಬಾಯಿಗೆ ತುರುಕಿಕೊಂಡೆ.

ನೀರಿನ ಅಂಚಿನಲ್ಲಿ ಅವಳು ಕುಕ್ಕರುಗಾಲಲ್ಲಿ ಕೂತು ಏನನ್ನೋ ನೋಡಿದಳು. ಆಮೇಲೆ ಹಿಂದೆ ತಿರುಗಿ, ನಾನು ನಿಂತಿದ್ದ ಕಡೆಗೆ ಗಟ್ಟಿಯಾಗಿ ಕೂಗಿದಳು. "ಅಮ್ಮಾ! ಹೋಗ್ತಾ ಐತೆ! ನೀನೂ ಬಾ, ನಾನು ಹಿಡ್ಕೊಂತೀನಿ!"

ಹೋಗಬೇಕಿತ್ತು. ಎರಡು ಸಲ ಕಾಲೆತ್ತಿದೆ. ಕಾರಿನ ಬಾಗಿಲು ಹಿಡಿದಿದ್ದ ಕೈ ತೆಗೆಯಲು ನನಗೆ ಆಗಲಿಲ್ಲ.