ಕರೆಂಟ್ ಹೋದಾಗ ಬರುತ್ತಿದ್ದ ನೀರು

ನಮ್ಮ ಬೀದಿಗೆ ನೀರು ಬಿಡುವಾತನನ್ನು ನಾನು ಬಾಯಿಗೆ ಬಂದಂತೆ ಬೈದಿದ್ದೇನೆ. ಈಗ ಆತ ಎದುರು ಸಿಕ್ಕರೆ ಕಾಫಿ ಕುಡಿಸದೆ ಕಳಿಸುವುದಿಲ್ಲ. ನಡುವೆ ಆದದ್ದು ಇಷ್ಟು.

ಸಕಲೇಶಪುರದಲ್ಲಿ ಮಳೆ ಹಿಡಿದರೆ ತಿಂಗಳುಗಟ್ಟಲೆ ಛತ್ರಿ ಒಣಗುವುದಿಲ್ಲ. ಅಂಥ ಊರಿನಲ್ಲಿ ಬೇಸಿಗೆ ಬಂತೆಂದರೆ ಪುರಸಭೆಯ ಆಟೋ ಮೈಕ್ ಕಟ್ಟಿಕೊಂಡು, "ನಲ್ಲಿಗೆ ಮೋಟಾರ್ ಹಾಕಬೇಡಿ, ಪೈಪ್ ಹಿಡಿದು ಅಂಗಳ ತೊಳೆಯಬೇಡಿ" ಎಂದು ಸಾರುತ್ತ ಬರುತ್ತಿತ್ತು. ಹೊಳೆ ಪಕ್ಕದವರಿಗೆ ಇದೆಂಥ ಉಪದೇಶ ಎಂದು ನನಗೆ ನಗು. ನಲ್ಲಿಗೇ ಮೋಟಾರ್ ಜೋಡಿಸಿ, ಯಾರಿಗೂ ಕಾಣದಂತೆ ಅದರ ಮೇಲೆ ಪ್ಲಾಸ್ಟಿಕ್ ಬಕೆಟ್ ಬೋರಲು ಹಾಕಿ, ಟ್ಯಾಂಕ್ ತುಂಬಿಸಿಕೊಳ್ಳುತ್ತಿದ್ದೆ. ಇಡೀ ಬೀದಿಗೆ ನಮ್ಮದೇ ದೊಡ್ಡ ಮೋಟಾರ್ ಎಂಬ ಜಂಬ ಬೇರೆ.

ನಮ್ಮದು ಏರುಬೀದಿ. ತುದಿಯ ಮನೆಯಲ್ಲಿ ನನ್ನ ರವಿಕೆ ಹೊಲಿಯುವಾಕೆ ಇದ್ದಾಳೆ. ಒಮ್ಮೆ ಮೋಟಾರ್ ಹಾಕಿ, ಅಳತೆ ಕೊಟ್ಟು ಬರೋಣವೆಂದು ಅಲ್ಲಿಗೆ ಹೋಗಿದ್ದೆ. ಫ್ಯಾನ್ ನಿಂತಿತು. "ಕರೆಂಟ್ ಹೋಯ್ತು!" ಎಂದು ಹಿಗ್ಗಿನಿಂದ ಕೂಗಿದವಳೇ ಟೇಪನ್ನು ನನ್ನ ಹೆಗಲ ಮೇಲೆ ಬಿಟ್ಟು, ಕೊಡ ಎತ್ತಿಕೊಂಡು ಹಿತ್ತಲಿಗೆ ಓಡಿದಳು. ಕರೆಂಟ್ ಹೋದರೆ ಕುಣಿಯುವವರೂ ಉಂಟೇ ಎಂದು ನನಗೆ ಸಿಟ್ಟು ಬಂತು.

ಈ ಬೇಸಿಗೆಯಲ್ಲಿ ನೀರು ಬಿಡುವಾತ, ಪುರಸಭೆ ಆಫೀಸಿನ ಹೆಣ್ಣುಮಗಳೊಬ್ಬಳ ಜೊತೆ ನಮ್ಮ ಮನೆಗೇ ಬಂದ.

"ಅಮ್ಮಾ, ನಲ್ಲಿಗೆ ಮೋಟಾರ್ ಹಾಕಿದ್ದೀರಾ?"

"ಇಲ್ಲ ಮಾರಾಯ."

"ಹಂಗಾದ್ರೆ ಆ ಬಕೆಟ್ ಯಾಕೆ ಕುಣೀತಾ ಐತೆ?"

ಹೆಣ್ಣುಮಗಳು ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ನನಗೆ ಮೈಯೆಲ್ಲ ಉರಿಯಿತು. "ಮೊದಲು ನಿಮ್ಮವರ ಮನೇದು ಬಿಚ್ಚಿ, ಆಮೇಲೆ ಇಲ್ಲಿಗೆ ಬಾ!" ಎಂದೆ.

"ಮೊದಲು ಬಿಚ್ಚಿದ್ದೇ ನಮ್ ಭಾವನ ಮನೇದು ಕಣಮ್ಮ. ನಮ್ಮಕ್ಕ ಮಾತು ಬಿಟ್ಟವ್ಳೆ."

ಆತ ಒಂದು ಬಿರುಸು ಮಾತನ್ನೂ ಆಡದೆ ಮೋಟಾರ್ ಬಿಚ್ಚಿದ. ನಲ್ಲಿಯ ಬುಡದಲ್ಲಿ ನೀರು ಜಿನುಗುತ್ತಿದ್ದುದನ್ನು ಕಂಡು, ಕೇಳದಿದ್ದರೂ ಅದನ್ನು ಬಿಗಿ ಮಾಡಿದ. "ನಾಳೆ ಆಫೀಸಿಗೆ ಬಂದು, ಇನ್ನು ನಲ್ಲಿಗೆ ಹಾಕಲ್ಲ ಅಂತ ಬರ್ಕೊಟ್ಟು ಮೋಟಾರ್ ತಗೊಂಡೋಗಿ. ಇನ್ನೊಂದ್ಸಲ ಸಿಕ್ರೆ ಲೈನೇ ಕಟ್ ಮಾಡ್ಬೇಕಾಗ್ತೈತೆ" ಎಂದು ಹೊರಟ. ಅಕ್ಕನ ಮಾತು ಕಳೆದುಕೊಂಡು ಊರಿನ ನೀರು ಕಾಯುವ ಈ ಮನುಷ್ಯನ ಮೇಲೆ ಗೌರವ ಹುಟ್ಟಿದ್ದು ಆಗಲ್ಲ, ಅರ್ಧ ಗಂಟೆಯ ಮೇಲೆ.

ಆಗ ಸಿಟ್ಟು ತೋಡಿಕೊಳ್ಳಲು ಒಬ್ಬರು ಬೇಕಿತ್ತು. ದುಸುದುಸು ಎನ್ನುತ್ತ ಬೀದಿ ಹತ್ತಿ ಹೊಲಿಗೆಯವಳ ಮನೆಗೆ ಹೋದೆ. ಹಿತ್ತಲ ನಲ್ಲಿಯಲ್ಲಿ ನೀರು ಧೋ ಎಂದು ಸುರಿಯುತ್ತಿತ್ತು. ಒಳಗೆ ಫ್ಯಾನ್ ತಿರುಗುತ್ತಲೇ ಇತ್ತು. ಅವಳು ಕೊಡ, ಬಿಂದಿಗೆ, ಪಾತ್ರೆಗಳನ್ನೆಲ್ಲ ಸಾಲಾಗಿ ಇಟ್ಟುಕೊಂಡು ಹಬ್ಬದ ಮುಖ ಮಾಡಿಕೊಂಡಿದ್ದಳು.

"ಕರೆಂಟ್ ಇರೋವಾಗ್ಲೇ ನೀರು ಬಂದೈತೆ ನೋಡಿ ಅಕ್ಕಾ!"

ಅಂದು ಕರೆಂಟ್ ಹೋದಾಗ ಇವಳು ಕೊಡ ಎತ್ತಿಕೊಂಡು ಓಡಿದ್ದು ನೆನಪಾಯಿತು. ನನ್ನ ಮೋಟಾರ್ ನಿಂತರೆ ಮಾತ್ರ ಈ ನಲ್ಲಿಗೆ ನೀರು. ಇಷ್ಟು ವರ್ಷ ನಾನು ಕುಡಿದದ್ದು ಇವಳ ಪಾಲನ್ನು. ನಾಚಿಕೆಯಿಂದ ತಲೆ ತಗ್ಗಿತು.

"ಆ ಮೋಟಾರ್ ನಂದೇ ಕಣೇ" ಎಂದೆ.

"ಗೊತ್ತಿತ್ತು ಕಣಕ್ಕ. ಬಟ್ಟೆ ಹೊಲಿಸೋರ ಹತ್ರ ಹೆಂಗೆ ಹೇಳೋದು?" ತುಂಬಿದ ಕೊಡ ಸರಿಸಿ, ಕೈ ಒರೆಸಿಕೊಂಡು ಟೇಪ್ ಹಿಡಿದಳು. "ಹೋಗ್ಲಿ ಬಿಡಿ. ತೋಳು ಉದ್ದ ಇರ್ಲಾ, ಗಿಡ್ಡ ಮಾಡ್ಲಾ?"