ನನಗೆ ಕಾಣದೇ ಹೋದ ಹಳದಿ

ಮೊದಲು ಗೊತ್ತಾದದ್ದು ಬಟ್ಟೆ ಒಗೆಯುವಾಗ. ಯಜಮಾನರ ಪಂಚೆ ಎಷ್ಟು ತಿಕ್ಕಿದರೂ ಬೆಳ್ಳಗಾಗುತ್ತಿರಲಿಲ್ಲ. ಸೋಪು ಬದಲಾಯಿಸಿದೆ. ನೀಲಿ ಜಾಸ್ತಿ ಹಾಕಿದೆ. "ಏನಮ್ಮೀ, ಆಕಾಸಾನೇ ಉಟ್ಕಂಡಂಗದೆ" ಎಂದು ಅವರು ನಕ್ಕರು. ನನಗೆ ಆಗಲೂ ಅದು ಮಾಸಲಾಗಿಯೇ ಕಂಡಿತು.

ನನ್ನ ಎರಡು ಕಣ್ಣಿಗೂ ಪೊರೆ ಬಂದಿದೆ ಎಂದು ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಹೇಳಿದರು. ಬೇಸಿಗೆಯಲ್ಲಿ ಕಣ್ಣಿನ ಆಪರೇಷನ್ ಬೇಡ ಎಂದು ಯಾರೋ ಅಂದರು. ನಾನೂ ಹೆದರಿದ್ದೆ, ಮುಂದೂಡಿದೆ.

ಆ ನಡುವೆ ಮಧುವನಹಳ್ಳಿಯಿಂದ ಬಂದ ನಾದಿನಿ ಸಾಕಮ್ಮ, "ಅತ್ತಿಗೆ, ಅಣ್ಣನ ಕಣ್ಣು ಅರಿಸ್ನದಂಗೆ ಆಗ್ಬುಟ್ಟದೆ. ಒಂದ್ಸಲ ತೋರ್ಸು" ಅಂದಳು. ಅವರನ್ನು ಬಾಗಿಲ ಬೆಳಕಿಗೆ ಕರೆದು ನೋಡಿದೆ. ಎಂದಿನಂತೆಯೇ ಇದ್ದರು. ದಿನಾ ನೋಡುವವಳು ನಾನು, ಅಪರೂಪಕ್ಕೆ ಬರುವ ನಿನಗೇನು ಗೊತ್ತು ಅಂದುಬಿಟ್ಟೆ. ಯಜಮಾನರೂ ನನ್ನ ಮಾತನ್ನೇ ನಂಬಿದರು.

ಒಂದೂವರೆ ತಿಂಗಳ ಮೇಲೆ ನನ್ನ ಎಡಗಣ್ಣಿನ ಆಪರೇಷನ್ ಆಯಿತು. ಮಾರನೇ ದಿನ ಪಟ್ಟಿ ಬಿಚ್ಚಿದರು. ಗೋಡೆ ಬೆಳ್ಳಗಿತ್ತು. ನರ್ಸಮ್ಮನ ಕೋಟು ಬೆಳ್ಳಗಿತ್ತು. ಎದುರಿಗೆ ಯಜಮಾನರು ನಿಂತಿದ್ದರು.

ಅವರ ಕಣ್ಣು ಬೆಳ್ಳಗಿರಲಿಲ್ಲ.

ಕಾಮಾಲೆಯೆಂದು ಅವರನ್ನು ತೋರಿಸಿದರೆ, ಪಿತ್ತನಾಳದಲ್ಲಿ ಕ್ಯಾನ್ಸರ್ ಗಡ್ಡೆ, ಲಿವರಿಗೂ ಹರಡಿದೆ ಎಂದರು. ಎರಡು ತಿಂಗಳಿಗೆ ಹೋಗಿಬಿಟ್ಟರು. ತಿಥಿ ಮುಗಿಸಿ ಹೊರಡುವಾಗ ಸಾಕಮ್ಮ ನನ್ನ ಜೊತೆ ಮಾತಾಡಲಿಲ್ಲ.

ಬಲಗಣ್ಣು ತೋರಿಸಲು ಹೋದಾಗ, ಪೊರೆ ಬಂದವರಿಗೆ ಬಣ್ಣ ಹೇಗೆ ಕಾಣುತ್ತದೆ ಎಂದು ಸಂಶೋಧನೆ ಮಾಡುತ್ತಿದ್ದ ಡಾಕ್ಟರಮ್ಮ ನನ್ನ ಒಪ್ಪಿಗೆ ಕೇಳಿ ಬಣ್ಣದ ಬಿಲ್ಲೆಗಳನ್ನು ಕೊಟ್ಟರು. ಒಂದೊಂದೇ ಕಣ್ಣು ಮುಚ್ಚಿ ಜೋಡಿಸಬೇಕು. ಎಡಗಣ್ಣಿಗೆ ಬೇರೆ ಬೇರೆಯಾಗಿ ಕಂಡ ಬಿಳಿ, ತಿಳಿಹಳದಿ ಎರಡೂ ಬಲಗಣ್ಣಿಗೆ ಒಂದೇ ಆಗಿದ್ದವು. ಪೊರೆಯೇ ಹಳದಿಗೆ ತಿರುಗಿರುವುದರಿಂದ ಹಾಗಾಗುತ್ತದೆ ಎಂದರು. ಯಜಮಾನರ ವಿಷಯ ಹೇಳಿದೆ. ನಾನು ಮೊದಲೇ ಆಪರೇಷನ್ ಮಾಡಿಸಿಕೊಂಡಿದ್ದರೆ ಎಂದು ಕೇಳಿದೆ.

ಅವರು ಬಿಲ್ಲೆಗಳನ್ನು ಒಂದು ಕಡೆಗೆ ಸರಿಸಿದರು. "ಬೇಗ ಕಾಣ್ತಿತ್ತೇನೋ. ಅವರು ಉಳೀತಿದ್ರಾ ಅನ್ನೋದು ನನಗೂ ಗೊತ್ತಿಲ್ಲಮ್ಮ."

ಸುಳ್ಳು ಸಮಾಧಾನ ಹೇಳಲಿಲ್ಲ. ಅದಕ್ಕೆ ಅವರಿಗೆ ಋಣಿ.

ಮನೆಗೆ ಬಂದು ಸಾಕಮ್ಮನಿಗೆ ಫೋನು ಮಾಡಿದೆ. ನೀನು ಕಂಡದ್ದೇ ನಿಜ, ನನಗೆ ಕಾಣಲಿಲ್ಲ, ಕಂಡವಳ ಮಾತನ್ನೂ ಕೇಳಲಿಲ್ಲ ಅಂದೆ. ಅವಳು ಫೋನು ಇಟ್ಟುಬಿಟ್ಟಳು.

ಬಲಗಣ್ಣಿನ ಆಪರೇಷನ್ ಆದ ಮಾರನೇ ದಿನ ಬ್ಯಾಗು ಹಿಡಿದು ಬಂದಳು. ದಿನಕ್ಕೆ ಆರು ಸಲ ಡ್ರಾಪ್ಸ್ ಬಿಡಬೇಕು. ಅವಳೇ ಬಿಡುತ್ತಾಳೆ. ಮಾತು ಇನ್ನೂ ಕಮ್ಮಿ. ಮೊದಲ ಸಲ ರೆಪ್ಪೆ ಬಿಡಿಸಿ ಹಿಡಿದವಳು ಡ್ರಾಪ್ಸ್ ಬಿಡದೆ ಕೈ ತಡೆದಳು.

"ಅಳ್ಬ್ಯಾಡ ಅತ್ತಿಗೆ. ಔಸ್ದಿ ಎಲ್ಲಾ ಹೊಂಟೋಯ್ತದೆ."